ವರ್ಷದ ಉತ್ತಮ ಗೇಮ್, ಕೆಟ್ಟ ಗೇಮ್: ಹುಬ್ಬಳ್ಳಿ-ಧಾರವಾಡಕ್ಕೆ ಬೇಕಾದ ಅಳತೆ ಬೇರೆ

ಫ್ರಾನ್ಸಿನ ಮೊಂಪೆಲಿಯೆ ಊರಿನ ಸ್ಯಾಂಡ್‌ಫಾಲ್ ಇಂಟರ್‌ಆ್ಯಕ್ಟಿವ್ ಎಂಬ ಹೊಸ ಸ್ಟುಡಿಯೊ ಮಾಡಿದ ಮೊದಲ ಗೇಮ್ ‘ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33’. 2025ರ ಡಿಸೆಂಬರ್ 11ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಅದು ವರ್ಷದ ಅತ್ಯುತ್ತಮ ಗೇಮ್ ಪಟ್ಟವೂ ಸೇರಿ ಒಂಬತ್ತು ಪ್ರಶಸ್ತಿ ಬಾಚಿಕೊಂಡಿತು. ಆ ವೇದಿಕೆಯಲ್ಲಿ ಒಂದೇ ಗೇಮ್‌ಗೆ ಅಷ್ಟು ಪ್ರಶಸ್ತಿ ಅದಕ್ಕೂ ಮುಂಚೆ ಬಂದಿರಲಿಲ್ಲ. ಅದೇ ತಿಂಗಳು ‘ಇಂಡಿ ಗೇಮ್ ಅವಾರ್ಡ್ಸ್’ ಎಂಬ ಇನ್ನೊಂದು ಬಳಗವೂ ಇದನ್ನೇ ವರ್ಷದ ಗೇಮ್ ಎಂದು ಆರಿಸಿತು. ಆದರೆ ಕೆಲವೇ ದಿನಗಳಲ್ಲಿ ಪ್ರಶಸ್ತಿ ವಾಪಸ್ ಪಡೆದು ‘ಬ್ಲೂ ಪ್ರಿನ್ಸ್’ ಎಂಬ ಒಗಟಿನ ಗೇಮ್‌ಗೆ ಕೊಟ್ಟಿತು. ತಯಾರಿಕೆಯ ಹಂತದಲ್ಲಿ ಕೃತಕ ಬುದ್ಧಿಮತ್ತೆ ಬಿಡಿಸಿಕೊಟ್ಟ ಕೆಲವು ಚಿತ್ರಗಳನ್ನು ತಾತ್ಕಾಲಿಕವಾಗಿ ಬಳಸಿದ್ದರು, ಅವು ಗೇಮ್ ಬಿಡುಗಡೆಯಾದಾಗಲೂ ಒಳಗೇ ಉಳಿದುಬಿಟ್ಟಿದ್ದವು, ಆಮೇಲೆ ಅಪ್‌ಡೇಟ್‌ನಲ್ಲಿ ತೆಗೆದರು. ಅಂಥದ್ದೇನೂ ಬಳಸಬಾರದು ಎಂಬುದು ಆ ಪ್ರಶಸ್ತಿಯ ನಿಯಮ. ಸ್ಟುಡಿಯೊ ಅದಕ್ಕೆ ಒಪ್ಪಿಕೊಂಡೇ ಸ್ಪರ್ಧೆಗೆ ಬಂದಿತ್ತು.

ವಾಪಸ್ ಪಡೆದದ್ದು ಸರಿಯೇ ಎಂದು ನನ್ನ ಅಭಿಪ್ರಾಯ. ನಿಯಮ ಮೊದಲೇ ಹೇಳಿದ್ದರು, ಅದರ ಪ್ರಕಾರ ನಡೆದರು. ಒಂಬತ್ತು ಪ್ರಶಸ್ತಿ ಕೊಟ್ಟದ್ದೂ ಸರಿಯೇ. ಆ ಗೇಮ್‌ನ ಕಥೆಯಲ್ಲಿ ಪ್ರತಿ ವರ್ಷ ಒಬ್ಬ ಚಿತ್ರಗಾತಿ ಕಂಬದ ಮೇಲೆ ಒಂದು ಅಂಕಿ ಬರೆಯುತ್ತಾಳೆ, ಆ ವಯಸ್ಸು ದಾಟಿದವರೆಲ್ಲ ಅಳಿಸಿಹೋಗುತ್ತಾರೆ, ಅಂಕಿ ವರ್ಷಕ್ಕೊಂದು ಇಳಿಯುತ್ತ ಬಂದಿದೆ. ಇಂಥ ಕಥೆಯನ್ನು ಇಷ್ಟು ಎದೆಗೆ ತಾಕುವಂತೆ ಹೇಳಿದ ಗೇಮ್ ಆ ವರ್ಷ ಇನ್ನೊಂದಿಲ್ಲ. ಒಂದೇ ಗೇಮ್, ಎರಡು ತೀರ್ಪು. ಒಬ್ಬರು ‘ಆಡಿದವರಿಗೆ ಏನು ಸಿಕ್ಕಿತು’ ಎಂದು ಕೇಳಿದರು, ಇನ್ನೊಬ್ಬರು ‘ಹೇಗೆ ಮಾಡಿದರು’ ಎಂದು ಕೇಳಿದರು.

ಹುಬ್ಬಳ್ಳಿಯ ವಿದ್ಯಾನಗರದ ಗೇಮಿಂಗ್ ಕೆಫೆಗಳಲ್ಲಿ, ಧಾರವಾಡ ಸಪ್ತಾಪುರದ ಪಿಜಿ ರೂಮುಗಳಲ್ಲಿ ಇದೇ ಸುದ್ದಿಗೆ ಮೂರನೆಯದೊಂದು ಪ್ರಶ್ನೆ ಏಳುತ್ತದೆ: “ಭಾರಿ ಐತಿ ಅಂತಾರ ಖರೆ, ನಮ್ಮ ಲ್ಯಾಪ್‌ಟಾಪ್‌ನ್ಯಾಗ ಓಡ್ತೈತೇನ್ಲೇ?” ಈ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳಬಾರದು ಎಂದೇ ಈ ಲೇಖನ ಬರೆಯುತ್ತಿದ್ದೇನೆ. ಪಟ್ಟಿಯಲ್ಲಿ ಯಾವುದು ಮೇಲಿದೆ ಯಾವುದು ಕೆಳಗಿದೆ ಎಂಬುದಕ್ಕಿಂತ, ಯಾವ ಪ್ರಶ್ನೆ ಕೇಳಿ ಪಟ್ಟಿ ಮಾಡಿದರು ಎಂಬುದು ಮುಖ್ಯ. ಡಿಸೆಂಬರ್ ಬಂತೆಂದರೆ ನಾವು ಓದುವ ಬಹುಪಾಲು ಪಟ್ಟಿಗಳು ನಮ್ಮ ಪ್ರಶ್ನೆಗಳನ್ನು ಕೇಳಿಯೇ ಇರುವುದಿಲ್ಲ. ಕೆಟ್ಟ ಗೇಮ್‌ಗಳ ಪಟ್ಟಿಯಲ್ಲಂತೂ ಈ ಕೊರತೆ ಇನ್ನೂ ಹೆಚ್ಚು.

ತೀರ್ಪು ಕೊಡುವವರು

ಬ್ಯಾಡಗಿ ಮಾರುಕಟ್ಟೆಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಣ್ಣ ತೆಗೆಯುವ ಕಂಪನಿಯ ಖರೀದಿದಾರನೂ ಮನೆಗೆ ಖಾರಪುಡಿ ಮಾಡಿಸಲು ಬಂದವರೂ ಒಂದೇ ರಾಶಿಯ ಮುಂದೆ ನಿಂತು ಬೇರೆ ಬೇರೆ ಮೆಣಸಿನಕಾಯಿಯನ್ನು ‘ಛಲೋ’ ಅನ್ನುತ್ತಾರೆ. ಇಬ್ಬರದೂ ತಪ್ಪಲ್ಲ. ಗೇಮ್ ಪ್ರಶಸ್ತಿಗಳಲ್ಲೂ ಅಷ್ಟೇ, ಮೊದಲು ನೋಡಬೇಕಾದದ್ದು ಮುಂದೆ ನಿಂತವರು ಯಾರು ಎಂಬುದು.

ಗೇಮ್ ಪತ್ರಕರ್ತ ಜೆಫ್ ಕೀಲಿ 2014ರಲ್ಲಿ ಶುರು ಮಾಡಿದ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಶೇ 90ರಷ್ಟು ತೂಕ ನೂರಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ತೀರ್ಪುಗಾರರದು, ಶೇ 10 ಸಾರ್ವಜನಿಕರದು. ಬ್ರಿಟನ್ನಿನಲ್ಲಿ 1983ರಲ್ಲಿ ಶುರುವಾದ ‘ಗೋಲ್ಡನ್ ಜಾಯ್‌ಸ್ಟಿಕ್’ ಮುಖ್ಯವಾಗಿ ಜನರ ಮತದ ಮೇಲೆ ನಿಂತಿದೆ. ‘ಡೈಸ್’ ಪ್ರಶಸ್ತಿಯನ್ನು ಗೇಮ್ ಮಾಡುವವರೇ ತಮ್ಮವರಿಗೆ ಕೊಡುತ್ತಾರೆ. ಸ್ಟೀಮ್ ಎಂಬುದು ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ, ಅದರ ‘ಸ್ಟೀಮ್ ಅವಾರ್ಡ್ಸ್’ನಲ್ಲಿ ಹೆಸರು ಸೂಚಿಸುವವರೂ ಮತ ಹಾಕುವವರೂ ಆ ಅಂಗಡಿಯ ಗಿರಾಕಿಗಳೇ. 2023ರಲ್ಲಿ ಇವರೆಲ್ಲ ಹೆಚ್ಚುಕಡಿಮೆ ಒಂದೇ ಹೆಸರು ಹೇಳಿದರು, ‘ಬಾಲ್ಡರ್ಸ್ ಗೇಟ್ 3’. ಅಂಥ ವರ್ಷ ಅಪರೂಪ. 2024ರಲ್ಲಿ ‘ದಿ ಗೇಮ್ ಅವಾರ್ಡ್ಸ್’ ತೀರ್ಪುಗಾರರು ಜಪಾನಿನ ‘ಆಸ್ಟ್ರೊ ಬಾಟ್’ ಎಂದರು. ಗೋಲ್ಡನ್ ಜಾಯ್‌ಸ್ಟಿಕ್‌ನ ಮತದಾರರೂ ಸ್ಟೀಮ್‌ನ ಮತದಾರರೂ ಚೀನಾದ ‘ಬ್ಲ್ಯಾಕ್ ಮಿತ್: ವುಕಾಂಗ್’ ಎಂದರು. ‘ದಿ ಗೇಮ್ ಅವಾರ್ಡ್ಸ್’ನೊಳಗೇ ಪೂರ್ತಿ ಜನಮತಕ್ಕೆ ಬಿಟ್ಟ ಒಂದು ವಿಭಾಗವಿದೆ, ಅದರಲ್ಲೂ ವುಕಾಂಗ್ ಗೆದ್ದಿತು.

ಹಾಗಾದರೆ ಜನಮತವೇ ಮೇಲು ಎನ್ನಬಹುದೇ? ನನಗೆ ಆ ನಂಬಿಕೆಯಿಲ್ಲ. 2023ರ ಸ್ಟೀಮ್ ಅವಾರ್ಡ್ಸ್‌ನಲ್ಲಿ ಹೊಸತನಕ್ಕೆ ಕೊಡುವ ಪ್ರಶಸ್ತಿ ‘ಸ್ಟಾರ್‌ಫೀಲ್ಡ್’ಗೆ ಹೋಯಿತು. ಹೊಸತನ ಕಡಿಮೆ ಎಂದು ವರ್ಷವಿಡೀ ಬೈಸಿಕೊಂಡ ಗೇಮ್ ಅದು. ಹಳೆಯ ಗೇಮ್ ಅನ್ನು ಬಿಡದೆ ಸಾಕಿ ಬೆಳೆಸಿದವರಿಗೆ ಸಲ್ಲಬೇಕಾದ ಪ್ರಶಸ್ತಿ ‘ರೆಡ್ ಡೆಡ್ ರಿಡೆಂಪ್ಷನ್ 2’ಕ್ಕೆ ಹೋಯಿತು. ಅದರ ಆನ್‌ಲೈನ್ ಭಾಗವನ್ನು ಕಂಪನಿ ಕೈಬಿಟ್ಟಿತೆಂದು ಆಟಗಾರರೇ ಅತ್ತಿದ್ದರು. ಸಾವಿರಾರು ಜನ ಸೇರಿ ಚೇಷ್ಟೆ ಮಾಡಿದಾಗ ಶ್ರದ್ಧೆಯಿಂದ ದುಡಿದ ಯಾವುದೋ ಸಣ್ಣ ತಂಡದ ಪಾಲು ಹೋಗುತ್ತದೆ, ಅದು ನನಗೆ ನೋವಿನ ಸಂಗತಿ.

ಅಂಕಗಳ ಕಥೆಯೂ ಇದೇ. ಮೆಟಾಕ್ರಿಟಿಕ್ ಎಂಬ ಜಾಲತಾಣ 2001ರಿಂದ ವಿಮರ್ಶಕರ ಅಂಕಗಳನ್ನು ಕೂಡಿಸಿ ನೂರಕ್ಕೆ ಇಷ್ಟು ಎಂದು ಹೇಳುತ್ತಿದೆ, ಯಾವ ಪತ್ರಿಕೆಗೆ ಎಷ್ಟು ತೂಕ ಕೊಡುತ್ತದೆ ಎಂದು ಬಾಯಿಬಿಡುವುದಿಲ್ಲ. 2010ರ ‘ಫಾಲ್‌ಔಟ್: ನ್ಯೂ ವೇಗಸ್’ ಮಾಡಿದ ಆಬ್ಸಿಡಿಯನ್ ತಂಡಕ್ಕೆ 85 ಅಂಕ ಬಂದರೆ ಬೋನಸ್ ಎಂದು ಒಪ್ಪಂದವಿತ್ತು. ಬಂದದ್ದು 84. ಒಂದಂಕಕ್ಕೆ ಬೋನಸ್ ಹೋಯಿತು. ಹದಿನೈದು ವರ್ಷದ ನಂತರವೂ ಜನ ಆ ಗೇಮ್ ಆಡುತ್ತಿದ್ದಾರೆ.

ಎಲ್ಲವನ್ನೂ ಆಡಿದವರು ಇಲ್ಲ

2024ರಲ್ಲಿ ಸ್ಟೀಮ್ ಒಂದರಲ್ಲೇ 18 ಸಾವಿರಕ್ಕೂ ಹೆಚ್ಚು ಗೇಮ್‌ಗಳು ಬಿಡುಗಡೆಯಾದವು. ದಿನಕ್ಕೆ ಸುಮಾರು ಐವತ್ತು. ಒಂದು ಬಾಲ್ಡರ್ಸ್ ಗೇಟ್ ಮುಗಿಸಲು ನೂರು ಗಂಟೆ ಹಿಡಿಯುವ ಕಾಲದಲ್ಲಿ ಯಾವ ತೀರ್ಪುಗಾರನೂ ಇದರ ನೂರರಲ್ಲೊಂದು ಪಾಲನ್ನೂ ಆಡಿರಲಾರ. ಹಾಗಾಗಿ ‘ವರ್ಷದ ಅತ್ಯುತ್ತಮ’ ಅಂದರೆ ಕಣ್ಣಿಗೆ ಬಿದ್ದವುಗಳಲ್ಲಿ ಅತ್ಯುತ್ತಮ. ಕಣ್ಣಿಗೆ ಬೀಳಬೇಕಾದರೆ ದುಡ್ಡಿನ ಪ್ರಚಾರ ಬೇಕು, ಇಲ್ಲವೇ ಒಳ್ಳೆಯ ಅದೃಷ್ಟ ಬೇಕು. ‘ಬಲಾಟ್ರೊ’ಗೆ ಎರಡನೆಯದು ಒದಗಿತು. ಹೆಸರು ಹೇಳಿಕೊಳ್ಳದ ಕೆನಡಾದ ಒಬ್ಬನೇ ವ್ಯಕ್ತಿ ಮಾಡಿದ ಇಸ್ಪೀಟಿನ ಗೇಮ್ 2024ರ ವರ್ಷದ ಗೇಮ್ ಸ್ಪರ್ಧೆಯ ಕೊನೆಯ ಆರರೊಳಗೆ ಬಂತು. ಅಷ್ಟೇ ಚೆಂದದ ಇನ್ನೆಷ್ಟು ಗೇಮ್‌ಗಳು ಯಾರ ಕಣ್ಣಿಗೂ ಬೀಳದೆ ಹೋದವೋ.

ಕ್ಯಾಲೆಂಡರಿನದೂ ಒಂದು ತೊಡಕು. ‘ದಿ ಗೇಮ್ ಅವಾರ್ಡ್ಸ್’ಗೆ ವರ್ಷ ಮುಗಿಯುವುದು ನವೆಂಬರಿನ ಮೂರನೇ ವಾರದ ಹೊತ್ತಿಗೆ. 2024ರ ಡಿಸೆಂಬರ್ 9ಕ್ಕೆ ಬಂದ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಗ್ರೇಟ್ ಸರ್ಕಲ್’ 2025ರ ಸಾಲಿಗೆ ಸೇರಿತು, ಅಷ್ಟರಲ್ಲಿ ಅದರ ಬಿಸಿ ಆರಿತ್ತು. ವಸಂತದಲ್ಲಿ ಬಂದ ಗೇಮ್ ಅನ್ನು ಮರೆಯುವುದು, ಅಕ್ಟೋಬರಿನಲ್ಲಿ ಬಂದದ್ದನ್ನು ಪೂರ್ತಿ ಆಡದೇ ಹೊಗಳುವುದು ಇವೆಲ್ಲ ಸಾಮಾನ್ಯ. ಕ್ಲೇರ್ ಆಬ್ಸ್‌ಕ್ಯೂರ್ ಬಂದದ್ದು ಏಪ್ರಿಲ್ 24ಕ್ಕೆ. ಸುಮಾರು ಎಂಟು ತಿಂಗಳಾದರೂ ಅದು ಯಾರ ಮನಸ್ಸಿನಿಂದಲೂ ಜಾರಲಿಲ್ಲ ಎಂಬುದನ್ನು ಅದರ ಪರವಾಗಿ ಹೇಳಲೇಬೇಕು.

ನಮ್ಮ ಕಡೆಯ ಪ್ರಶ್ನೆಗಳು

ಮೊದಲನೆಯದು ಯಂತ್ರದ್ದು, ದುಡ್ಡಿನದು. ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರುವರಿ 2ರಂದು ಬಂದಾಗ ಡಿಸ್ಕ್ ಮಾದರಿಗೆ 49,990 ರೂಪಾಯಿ, ಆಮೇಲೆ 54,990 ಆಯಿತು. ಸೋನಿಯದೇ ದೊಡ್ಡ ಗೇಮ್ ಒಂದಕ್ಕೆ 4,999 ಆಗುತ್ತಿತ್ತು. ಜಪಾನಿನ ಗೇಮ್ ಕಂಪನಿ ನಿಂಟೆಂಡೊ ನಮ್ಮ ದೇಶದಲ್ಲಿ ಅಧಿಕೃತವಾಗಿ ಅಂಗಡಿ ತೆರೆದೇ ಇಲ್ಲ. 2017ರ ವಿಜೇತ ‘ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಆಗಲಿ, 2025ರ ಕೊನೆಯ ಆರರಲ್ಲಿದ್ದ ‘ಡಾಂಕಿ ಕಾಂಗ್ ಬನಾನ್ಜಾ’ ಆಗಲಿ ನಮಗೆ ಹೊರಗಿನಿಂದ ತರಿಸಿದ ಯಂತ್ರವಿದ್ದರಷ್ಟೇ ಉಂಟು. ಇಂಡಿಯಾನಾ ಜೋನ್ಸ್ ಅಂತೂ ರೇ ಟ್ರೇಸಿಂಗ್ (ಬೆಳಕು-ನೆರಳನ್ನು ನಿಜದಂತೆ ಲೆಕ್ಕಹಾಕಿ ತೋರಿಸುವ ಸೌಲಭ್ಯ) ಇಲ್ಲದ ಗ್ರಾಫಿಕ್ಸ್ ಕಾರ್ಡಿನಲ್ಲಿ ತೆರೆಯುವುದೇ ಇಲ್ಲ. ಎಂಜಿನಿಯರಿಂಗ್ ಸೇರುವಾಗ ಅಪ್ಪ ಸಾಲ ಮಾಡಿ ಕೊಡಿಸಿದ ಲ್ಯಾಪ್‌ಟಾಪ್ ಇರುವ ಹುಡುಗನಿಗೆ ಆ ಗೇಮ್ ಎಷ್ಟು ಚೆಂದ ಎಂದು ನಾಲ್ಕು ಪುಟ ಬರೆದು, ಇದೊಂದು ಸಾಲು ಬಿಟ್ಟರೆ ಅದು ಅರ್ಧ ವಿಮರ್ಶೆ.

ಡೌನ್‌ಲೋಡ್‌ನ ಲೆಕ್ಕ ನೋಡಿ. ಬಾಲ್ಡರ್ಸ್ ಗೇಟ್ 3ಕ್ಕೆ 150 ಜಿಬಿ ಜಾಗ ಬೇಕು. ಬಲಾಟ್ರೊಗೆ 150 ಎಂಬಿ. ಸಾವಿರ ಪಟ್ಟು ವ್ಯತ್ಯಾಸ. ರೂಮಿನಲ್ಲಿ ವೈಫೈ ಇಲ್ಲದೆ, ಮೊಬೈಲ್ ಹಾಟ್‌ಸ್ಪಾಟ್‌ನ ದಿನಕ್ಕೆ 2 ಜಿಬಿ ನಂಬಿದವನಿಗೆ ಮೊದಲನೆಯದು ಇಳಿಯಲು ಎಪ್ಪತ್ತೈದು ದಿನ ಬೇಕು, ಅದೂ ಬೇರೇನೂ ನೋಡದಿದ್ದರೆ. ಎರಡನೆಯದು ಚಹಾ ಕುಡಿಯುವಷ್ಟರಲ್ಲಿ ಇಳಿಯುತ್ತದೆ, ಫೋನಿನಲ್ಲೂ ಓಡುತ್ತದೆ, ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುವಷ್ಟರಲ್ಲಿ ಒಂದೆರಡು ಸುತ್ತು ಆಡಿ ಮುಗಿಯುತ್ತದೆ. ಸೇವ್ ಮಾಡಲು ಅಲ್ಲೆಲ್ಲೋ ನಿಗದಿಯಾದ ಜಾಗಕ್ಕೆ ಹೋಗಬೇಕಾದ ಗೇಮ್‌ಗಳಿವೆ, ನಡುವೆ ಕರೆಂಟ್ ಹೋದರೆ ಮುಗಿಯಿತು. ಇದನ್ನು ಯಾವ ದೊಡ್ಡ ವಿಮರ್ಶೆಯೂ ಬರೆಯುವುದಿಲ್ಲ. ಡೆಸ್ಕ್‌ಟಾಪ್ ಇಟ್ಟುಕೊಂಡ ಇಲ್ಲಿನವರು ಮೊದಲು ಕೇಳುವುದೇ ಇದನ್ನು.

ಇನ್ನು ಮೊಬೈಲ್. ನಮ್ಮಲ್ಲಿ ಹೆಚ್ಚಿನವರು ಗೇಮ್ ಆಡುವುದೇ ಫೋನಿನಲ್ಲಿ. 2020ರ ಸೆಪ್ಟೆಂಬರ್ 2ರಂದು ಪಬ್ಜಿ ನಿಷೇಧವಾದದ್ದು, 2021ರ ಜುಲೈನಲ್ಲಿ ಬಿಜಿಎಂಐ ಆಗಿ ಮರಳಿದ್ದು, 2022ರ ಜುಲೈನಲ್ಲಿ ಮತ್ತೆ ಮಾಯವಾಗಿ 2023ರ ಮೇನಲ್ಲಿ ವಾಪಸ್ ಬಂದದ್ದು ಇಲ್ಲಿನ ಕಾಲೇಜು ಹುಡುಗರಿಗೆ ಪರೀಕ್ಷೆಯ ವೇಳಾಪಟ್ಟಿಗಿಂತ ಚೆನ್ನಾಗಿ ನೆನಪಿದೆ. ಆದರೆ ‘ದಿ ಗೇಮ್ ಅವಾರ್ಡ್ಸ್’ನ ಮೊಬೈಲ್ ವಿಭಾಗ ನೋಡಿದರೆ 2021ರಲ್ಲಿ ‘ಗೆನ್‌ಶಿನ್ ಇಂಪ್ಯಾಕ್ಟ್’, 2022ರಲ್ಲಿ ‘ಮಾರ್ವೆಲ್ ಸ್ನ್ಯಾಪ್’, 2023ರಲ್ಲಿ ‘ಹೊಂಕಾಯ್: ಸ್ಟಾರ್ ರೇಲ್’, 2024ರಲ್ಲಿ ಬಲಾಟ್ರೊ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕಾಣುವ ಗೇಮ್‌ಗೂ ಆ ವೇದಿಕೆಯಲ್ಲಿ ಕಾಣುವ ಗೇಮ್‌ಗೂ ಸಂಬಂಧ ಬಹಳ ಕಡಿಮೆ.

ಭಾಷೆಯ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2025ರ ಸೆಪ್ಟೆಂಬರ್ 4ರಂದು ಆಸ್ಟ್ರೇಲಿಯಾದ ಟೀಮ್ ಚೆರಿಯ ‘ಹಾಲೊ ನೈಟ್: ಸಿಲ್ಕ್‌ಸಾಂಗ್’ ಬಿಡುಗಡೆಯಾದಾಗ ಕೊಳ್ಳುವವರ ನೂಕುನುಗ್ಗಲಿಗೆ ಸ್ಟೀಮ್ ಸೇರಿ ಹಲವು ಆನ್‌ಲೈನ್ ಅಂಗಡಿಗಳು ಕೆಲಕಾಲ ನಿಂತೇಹೋದವು. ಪ್ರಪಂಚವೆಲ್ಲ ಹೊಗಳುತ್ತಿದ್ದಾಗ ಚೀನಾದ ಆಟಗಾರರು ಮಾತ್ರ ಸಾಲುಸಾಲಾಗಿ ‘ಬೇಡ’ ಎಂದು ಬರೆದರು. ಗೇಮ್ ಕೆಟ್ಟದ್ದೆಂದಲ್ಲ, ಚೀನೀ ಅನುವಾದ ಕೃತಕವಾಗಿದೆ, ಯಾರೂ ಹಾಗೆ ಮಾತಾಡುವುದಿಲ್ಲ ಎಂದು. ತಂಡ ತಪ್ಪು ಒಪ್ಪಿಕೊಂಡು ಅನುವಾದ ಸರಿಪಡಿಸುವುದಾಗಿ ಹೇಳಿತು. ತಮ್ಮ ಭಾಷೆ ಸರಿಯಾಗಿಲ್ಲದ ಗೇಮ್ ತಮ್ಮ ಪಾಲಿಗೆ ಪೂರ್ಣ ಗೇಮ್ ಅಲ್ಲ ಎಂದು ಅಷ್ಟು ಜನ ಒಟ್ಟಿಗೆ ನಿಂತು ಹೇಳಿದ್ದನ್ನು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನಮಗೆ ಕೆಟ್ಟ ಅನುವಾದದ ಬಗ್ಗೆ ದೂರುವ ಅವಕಾಶವೂ ಇಲ್ಲ, ಅನುವಾದವೇ ಇಲ್ಲವಲ್ಲ.

ಪೂರ್ತಿ ಇಲ್ಲ ಎನ್ನುವುದೂ ತಪ್ಪು. ‘ಮೈನ್‌ಕ್ರಾಫ್ಟ್’ನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ, ಹೆಸರು ಬಯಸದ ಆಟಗಾರರು ತಾವೇ ಕೂತು ಅನುವಾದಿಸಿದ್ದು. ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ತಂದ ‘ವೆಂಬಾ’ ಕೆನಡಾಕ್ಕೆ ಹೋದ ತಮಿಳು ತಾಯಿಯೊಬ್ಬಳ ಅಡುಗೆಮನೆಯ ಕಥೆ, ಇಡ್ಲಿ ಬೇಯಿಸುವುದೇ ಅದರಲ್ಲಿ ಆಟ. 2024ರಲ್ಲಿ ಅದಕ್ಕೆ ಬ್ರಿಟನ್ನಿನ ಬಾಫ್ಟಾದ ಚೊಚ್ಚಲ ಗೇಮ್ ಪ್ರಶಸ್ತಿ ಬಂತು. ಪುಣೆಯ ನಾಡಿಂಗ್ ಹೆಡ್ಸ್ ಮಾಡಿದ ‘ರಾಜಿ’ 2020ರಲ್ಲಿ ‘ದಿ ಗೇಮ್ ಅವಾರ್ಡ್ಸ್’ನ ಚೊಚ್ಚಲ ವಿಭಾಗದಲ್ಲಿ ಹೆಸರು ಪಡೆಯಿತು. ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲೋ ಧಾರವಾಡದ ಐಐಟಿಯಲ್ಲೋ ಓದುತ್ತ ಗೇಮ್ ಮಾಡಬೇಕೆಂದಿರುವವರು ನೋಡಬೇಕಾದದ್ದು ಈ ದಾರಿ. 150 ಜಿಬಿಯ ಗೇಮ್ ಯಾರೂ ಇಲ್ಲಿ ಕೂತು ಮಾಡಲಾರರು, ಅಡುಗೆಮನೆಯ ಗೇಮ್ ಮಾಡಬಲ್ಲರು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಒಂದು ಗೇಮ್ ಎಷ್ಟು ದಕ್ಕುತ್ತದೆ ಎಂದು ನೋಡಿದರೆ ಶ್ರೇಯಾಂಕ ತಲೆಕೆಳಗಾಗುತ್ತದೆ. ‘ಬ್ಲೂ ಪ್ರಿನ್ಸ್’ನ ಒಗಟುಗಳು ಇಂಗ್ಲಿಷ್ ಪದಗಳ ಚಮತ್ಕಾರದ ಮೇಲೆ ನಿಂತಿವೆ. ಎಂಟು ವರ್ಷ ಕೂತು ಮಾಡಿದ ಅದ್ಭುತ ಕೆಲಸ, ಆದರೆ ಆ ಭಾಷೆಯಲ್ಲಿ ನುರಿತವರಿಗಷ್ಟೇ ಅದರ ಬಾಗಿಲು ತೆರೆದೀತು. ‘ಆಸ್ಟ್ರೊ ಬಾಟ್’ನಲ್ಲಿ ಮಾತೇ ಕಡಿಮೆ, ಎಂಟು ವರ್ಷದ ಮಗುವೂ ತಾನೇ ಕಲಿತು ಆಡಬಹುದು. ಆದರೆ ಅದಕ್ಕೆ ದುಬಾರಿ ಪ್ಲೇಸ್ಟೇಷನ್ 5 ಬೇಕು.

ಕೆಟ್ಟದ್ದು ಎಂದರೇನು

‘ವರ್ಷದ ಕೆಟ್ಟ ಗೇಮ್’ ಪಟ್ಟಿಗಳಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತಾರೆ: ಸೋತದ್ದು, ಅರ್ಧಕ್ಕೇ ಮಾರಿದ್ದು, ಅವಸರದಲ್ಲಿ ಮಾಡಿಸಿದ್ದು, ಮೋಸ ಮಾಡಿದ್ದು. ಇವುಗಳಲ್ಲಿ ಕೊನೆಯದಕ್ಕೆ ಮಾತ್ರ ‘ಕೆಟ್ಟದ್ದು’ ಎಂಬ ಮಾತು ಪೂರ್ತಿ ಸಲ್ಲುತ್ತದೆ ಎಂದು ನನ್ನ ವಾದ.

2024ರ ಆಗಸ್ಟ್ 23ರಂದು ಸೋನಿ ‘ಕಾನ್‌ಕಾರ್ಡ್’ ಬಿಡುಗಡೆ ಮಾಡಿತು. ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ ಆಡಿದವರ ಸಂಖ್ಯೆ 697ಕ್ಕಿಂತ ಮೇಲೇರಲಿಲ್ಲ. ಸೆಪ್ಟೆಂಬರ್ 6ಕ್ಕೆ ಗೇಮ್ ಮುಚ್ಚಿದರು, ಕೊಂಡವರಿಗೆ ಹಣ ವಾಪಸ್ ಕೊಟ್ಟರು. ಮುಂದಿನ ತಿಂಗಳು ಅದನ್ನು ಮಾಡಿದ ಫೈರ್‌ವಾಕ್ ಸ್ಟುಡಿಯೊವನ್ನೇ ಮುಚ್ಚಿದರು. ಆ ವರ್ಷದ ಕೆಟ್ಟ ಗೇಮ್ ಪಟ್ಟಿಗಳಲ್ಲಿ ಇದು ಮತ್ತೆ ಮತ್ತೆ ಮೇಲೆ ಬಂತು. ಯಾಕೆ? ಉಚಿತವಾಗಿ ಸಿಗುವ ಶೂಟಿಂಗ್ ಗೇಮ್‌ಗಳ ನಡುವೆ 40 ಡಾಲರ್ ಕೇಳಿದ್ದು ದಡ್ಡ ವ್ಯಾಪಾರ, ಪಾತ್ರಗಳು ಯಾರಿಗೂ ಹಿಡಿಸಲಿಲ್ಲ. ಆದರೆ ಗೇಮ್ ಓಡುತ್ತಿತ್ತು, ಹೇಳಿದ್ದನ್ನು ಕೊಟ್ಟಿತ್ತು, ಕೊನೆಗೆ ಯಾರ ಒಂದು ರೂಪಾಯಿಯೂ ಮುಳುಗಲಿಲ್ಲ. ವರ್ಷಗಟ್ಟಲೆ ದುಡಿದವರು ಕೆಲಸ ಕಳೆದುಕೊಂಡರು. ಸೋತವರನ್ನು ಕೆಟ್ಟವರೆಂದು ಕರೆಯುವ ಅಭ್ಯಾಸ ನನಗೆ ಸರಿಕಾಣುವುದಿಲ್ಲ.

ಇದರ ಪಕ್ಕದಲ್ಲಿ ‘ದಿ ಡೇ ಬಿಫೋರ್’ ಇಟ್ಟು ನೋಡಿ. ಸ್ಟೀಮ್‌ನಲ್ಲಿ ಅತಿ ಹೆಚ್ಚು ಜನ ಕಾಯುತ್ತಿದ್ದ ಗೇಮ್‌ಗಳಲ್ಲಿ ಒಂದು. ಬಹಳ ಆಟಗಾರರು ಒಟ್ಟಿಗೆ ಬದುಕುವ ವಿಶಾಲ ಲೋಕ ಎಂದು ಜಾಹೀರಾತು. 2023ರ ಡಿಸೆಂಬರ್ 7ರಂದು ಕೈಗೆ ಬಂದದ್ದು ಬೇರೆಯದೇ ಜಾತಿಯ, ಸಣ್ಣ, ಬಗ್ (ತಾಂತ್ರಿಕ ದೋಷ) ತುಂಬಿದ ಗೇಮ್. ನಾಲ್ಕು ದಿನಕ್ಕೆ ಫ್ಯಾಂಟಾಸ್ಟಿಕ್ ಸ್ಟುಡಿಯೊ ಬಾಗಿಲು ಹಾಕುವುದಾಗಿ ಘೋಷಿಸಿತು. ಮಾರುವಾಗ ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ಇಷ್ಟು ಅಂತರವಿದ್ದರೆ ಅದು ಕೆಟ್ಟದ್ದು, ಗ್ರಾಫಿಕ್ಸ್ ಹೇಗೇ ಇರಲಿ.

ಅರ್ಧಕ್ಕೇ ಮಾರಿದ್ದರ ವಿಷಯ ಕಠಿಣ. ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್ 10ರಂದು ಬಂದಾಗ ಹಳೆಯ ಪ್ಲೇಸ್ಟೇಷನ್ 4ರಲ್ಲಿ ಅದನ್ನು ಆಡಲಾಗುತ್ತಿರಲಿಲ್ಲ. ಒಂದು ವಾರಕ್ಕೆ ಸೋನಿ ತನ್ನ ಅಂಗಡಿಯಿಂದಲೇ ತೆಗೆಯಿತು, 2021ರ ಜೂನ್‌ವರೆಗೆ ವಾಪಸ್ ಇಡಲಿಲ್ಲ. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಪಿಸಿ ಆವೃತ್ತಿ ಮಾತ್ರ ಕೊಟ್ಟಿದ್ದರು. ಆಮೇಲೆ ಮೂರು ವರ್ಷ ಬಿಡದೆ ದುಡಿದು ಸರಿಪಡಿಸಿದರು, 2023ರಲ್ಲಿ ‘ಸತತ ಬೆಳೆಯುವ ಗೇಮ್’ ಪ್ರಶಸ್ತಿಯೂ ಬಂತು. ಇವತ್ತು ಸೇಲ್‌ನಲ್ಲಿ ಕೊಳ್ಳುವವರಿಗೆ ನಾನು ಖಂಡಿತ ಕೊಳ್ಳಿ ಎನ್ನುತ್ತೇನೆ. ಆದರೂ 2020ರ ಕೆಟ್ಟ ಗೇಮ್ ಪಟ್ಟಿಯಲ್ಲಿ ಅದರ ಜಾಗ ಹಾಗೇ ಇರಬೇಕು. ಮೊದಲ ದಿನ ಪೂರ್ತಿ ಹಣ ಕೊಟ್ಟವನಿಗೆ ಆದ ಅನ್ಯಾಯ ಮೂರು ವರ್ಷದ ಮೇಲಿನ ಅಪ್‌ಡೇಟ್‌ನಿಂದ ಅಳಿಸುವುದಿಲ್ಲ. ವರ್ಷವಾರು ಪಟ್ಟಿಯ ಒಂದು ಪ್ರಯೋಜನವೇ ಇದು, ಆ ದಿನದ ಸ್ಥಿತಿ ಅದರಲ್ಲಿ ದಾಖಲಾಗಿರುತ್ತದೆ.

ಅವಸರದಲ್ಲಿ ಮಾಡಿಸಿದ್ದಕ್ಕೆ ಹಳೆಯ ಉದಾಹರಣೆ ಅಮೆರಿಕದ ಅಟಾರಿ ಕಂಪನಿಯ ‘ಇ.ಟಿ.’. 1982ರ ಕ್ರಿಸ್‌ಮಸ್‌ಗೆ ಮಾರಬೇಕೆಂದು ಹವರ್ಡ್ ಸ್ಕಾಟ್ ವಾರ್ಷಾ ಎಂಬ ಒಬ್ಬ ಪ್ರೋಗ್ರಾಮರ್‌ಗೆ ಐದು ವಾರ ಕೊಟ್ಟರು. ಮಾರಾಟವಾಗದ ರಾಶಿಯನ್ನು ಮರುವರ್ಷ ನ್ಯೂ ಮೆಕ್ಸಿಕೊದ ಅಲಮಗೋರ್ಡೊದಲ್ಲಿ ಹೂತರು, 2014ರಲ್ಲಿ ಅಗೆದು ತೆಗೆದಾಗ ಜಗತ್ತೇ ನೋಡಿತು. ನಲವತ್ತು ವರ್ಷ ಬೈಗುಳ ತಿಂದದ್ದು ಆ ಒಬ್ಬನೇ, ಐದು ವಾರದ ಗಡುವು ಹಾಕಿದವರ ಹೆಸರು ಯಾರಿಗೂ ನೆನಪಿಲ್ಲ. 2023ರ ‘ಸ್ಕಲ್ ಐಲೆಂಡ್: ರೈಸ್ ಆಫ್ ಕಾಂಗ್’ ಬಗ್ಗೆಯೂ ಜಗತ್ತು ನಕ್ಕಿತು. ಚಿಲಿ ದೇಶದ ಸಣ್ಣ ತಂಡವೊಂದಕ್ಕೆ ಸುಮಾರು ಒಂದು ವರ್ಷ ಕೊಟ್ಟು ಮಾಡಿಸಿದ ಗೇಮ್ ಅದು. ಕೆಟ್ಟ ಗೇಮ್ ಪಟ್ಟಿ ಮಾಡುವವರು ಗಡುವು ಹಾಕಿದವರ ಹೆಸರು ಬರೆಯಲಿ, ಅಷ್ಟಾದರೂ ನ್ಯಾಯ ಬೇಕು.

ನಮ್ಮ ಮನೆಗಳನ್ನು ಹಾಳುಮಾಡಿದ ಗೇಮ್‌ಗಳು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ “ಹುಡುಗ ಗೇಮ್ ಆಡಿ ಹಾಳಾದ” ಎಂದು ಹಿರಿಯರು ಹೇಳಿದರೆ ಬಹಳ ಸಲ ಅದರ ಅರ್ಥ ದುಡ್ಡು ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗ್ ಆ್ಯಪ್ ಎಂದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದು ಹಣ ಪಣಕ್ಕಿಡುವ ಗೇಮ್‌ಗಳನ್ನು ನಿಷೇಧಿಸಿತು. ಅವನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯನ್ನೂ ಕೊಟ್ಟಿತು. ಈ ಗೆರೆ ಮನೆಮನೆಗೆ ತಲುಪಬೇಕು. ಸಿಲ್ಕ್‌ಸಾಂಗ್ ಆಡುವ ಮಗಳನ್ನೂ ಬೆಟ್ಟಿಂಗ್ ಆ್ಯಪ್‌ನಲ್ಲಿ ಸಂಬಳ ಕಳೆದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಪ್ಪ-ಅಮ್ಮಂದಿರಿಗೆ ಕನ್ನಡದಲ್ಲಿ ಗೇಮ್ ಬಗ್ಗೆ ಬರೆಯುವವರು, ಮಾತಾಡುವವರು ಅದನ್ನು ಬಿಡಿಸಿ ಹೇಳಲೇಬೇಕು. ಬೆಟ್ಟಿಂಗ್ ಹೊರಗಿಟ್ಟರೂ, ಒಳಗೇನಿದೆ ಎಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆ (ಲೂಟ್ ಬಾಕ್ಸ್) ಮಾರುವ ಗೇಮ್‌ಗಳು ಉಳಿಯುತ್ತವೆ. 2017ರ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಎಬ್ಬಿಸಿದ ಗಲಾಟೆಯ ನಂತರ, 2018ರಲ್ಲಿ ಬೆಲ್ಜಿಯಂ ಅಂಥ ಪೆಟ್ಟಿಗೆಗಳನ್ನು ಜೂಜು ಎಂದೇ ಪರಿಗಣಿಸಿತು. ಒಂದು ಗೇಮ್‌ನಲ್ಲಿ ಇಂಥ ಪೆಟ್ಟಿಗೆ ಇದೆಯೋ ಇಲ್ಲವೋ ಎಂಬುದು ನಮ್ಮ ಪಟ್ಟಿಯಲ್ಲಿ ಮೊದಲ ಸಾಲಿನಲ್ಲೇ ಇರಬೇಕು.

ನನ್ನ ಆಯ್ಕೆ

ಕಲೆಯ ದೃಷ್ಟಿಯಿಂದ 2025ರ ಅತ್ಯುತ್ತಮ ಗೇಮ್ ಕ್ಲೇರ್ ಆಬ್ಸ್‌ಕ್ಯೂರ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ಒಬ್ಬ ಗೆಳೆಯನಿಗೆ ಒಂದೇ ಗೇಮ್ ಹೇಳು ಎಂದರೆ ನಾನು ಹೇಳುವುದು ‘ಸ್ಪ್ಲಿಟ್ ಫಿಕ್ಷನ್’. ಸ್ವೀಡನ್ನಿನ ಹೇಜ್‌ಲೈಟ್ ಮಾರ್ಚ್ 6ರಂದು ಬಿಡುಗಡೆ ಮಾಡಿದ್ದು, ಮೊದಲ ವಾರದಲ್ಲೇ 20 ಲಕ್ಷ ಪ್ರತಿ ಹೋದವು. ವರ್ಷದ ಗೇಮ್ ಸ್ಪರ್ಧೆಯ ಕೊನೆಯ ಆರರಲ್ಲಿ ಅದಿರಲಿಲ್ಲ. ಇಬ್ಬರೇ ಆಡಬೇಕಾದ ಗೇಮ್ ಇದು, ಒಬ್ಬರಿಗೆ ಸಾಧ್ಯವೇ ಇಲ್ಲ. ಒಬ್ಬ ಕೊಂಡರೆ ಇನ್ನೊಬ್ಬ ತನ್ನ ಮನೆಯಿಂದ ಪುಕ್ಕಟೆ ಸೇರಬಹುದು, ಅವನ ಯಂತ್ರ ಬೇರೆ ಜಾತಿಯದಾದರೂ ಸರಿ. ಒಂದೇ ಟಿವಿ ಮುಂದೆ ಕೂತೂ ಆಡಬಹುದು. ದುಡ್ಡು ಅರ್ಧರ್ಧ ಹಾಕಿ ಕೊಳ್ಳುವ ನಮ್ಮ ಹಾಸ್ಟೆಲ್ ಲೆಕ್ಕಕ್ಕೆ ಇದಕ್ಕಿಂತ ಒಪ್ಪುವ ಗೇಮ್ ಆ ವರ್ಷ ಬರಲಿಲ್ಲ. ಬರೆಯುವ ಇಬ್ಬರು ಹುಡುಗಿಯರ ಕಲ್ಪನೆಗಳನ್ನು ಒಂದು ಕಂಪನಿ ಯಂತ್ರ ಇಟ್ಟು ಕದಿಯುತ್ತದೆ, ಅವರು ಒಳಗೆ ಸಿಕ್ಕಿಕೊಂಡು ಹೋರಾಡುತ್ತಾರೆ. ಕೃತಕ ಬುದ್ಧಿಮತ್ತೆಯ ಜಗಳದಲ್ಲಿ ಪ್ರಶಸ್ತಿ ಕೈಬದಲಾದ ವರ್ಷಕ್ಕೆ ಇಂಥ ಕಥೆ ಒದಗಿಬಂದದ್ದು ಗಮನಿಸಬೇಕಾದ ಸಂಗತಿ. ಕಡಿಮೆ ದುಡ್ಡಿಗೆ, ಹಳೆಯ ಲ್ಯಾಪ್‌ಟಾಪ್‌ಗೆ ಬೇಕೆಂದರೆ ಸಿಲ್ಕ್‌ಸಾಂಗ್. ಏಳು ವರ್ಷ ದುಡಿದು ಬರೀ 20 ಡಾಲರ್ ಬೆಲೆ ಇಟ್ಟ ಆ ತಂಡಕ್ಕೆ ದೊಡ್ಡ ನಮಸ್ಕಾರ. ಆದರೆ ಅದು ಬಹಳ ಕಠಿಣ, ತಾಳ್ಮೆ ಇಲ್ಲದವರು ಕೈಹಾಕಬೇಡಿ.

ಕೆಟ್ಟದ್ದಕ್ಕೆ ನನ್ನ ಆಯ್ಕೆ ‘ಮೈಂಡ್ಸ್‌ಐ’. ಜೂನ್ 10ರಂದು ಬಂದ ಈ ಗೇಮ್‌ನ ತಂಡದ ಮುಖ್ಯಸ್ಥ ಲೆಸ್ಲಿ ಬೆಂಜೀಸ್, ಹಿಂದೆ ‘ಜಿಟಿಎ’ (ಗ್ರ್ಯಾಂಡ್ ಥೆಫ್ಟ್ ಆಟೊ) ಗೇಮ್ ಸರಣಿ ಕಟ್ಟಿದವರಲ್ಲಿ ಪ್ರಮುಖರು. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಗೇಮ್ ಕೊಡಲಿಲ್ಲ. ಅಪಸ್ವರ ಎತ್ತಿದವರು ಯಾರದೋ ದುಡ್ಡು ತಿಂದವರು ಎಂಬರ್ಥದ ಮಾತು ಕಂಪನಿಯ ಮೇಲಿನವರ ಬಾಯಿಂದಲೇ ಬಂತು. ಬಗ್ ತುಂಬಿದ ಗೇಮ್ ಅನ್ನು ಪೂರ್ತಿ ಬೆಲೆಗೆ ಮಾರಿದರು. ಆಮೇಲೆ ನೂರಾರು ಉದ್ಯೋಗಿಗಳು ಕೆಲಸ ಕಳೆದುಕೊಂಡರು, ಕಾರ್ಮಿಕ ಸಂಘದ ಮೂಲಕ ಬಹಿರಂಗ ಪತ್ರ ಬರೆದು ಆಡಳಿತದ ನಡವಳಿಕೆಯನ್ನು ಪ್ರಶ್ನಿಸಿದರು. ನನ್ನ ಪಟ್ಟಿಯಲ್ಲಿ ‘ಕೆಟ್ಟದ್ದು’ ಎಂಬ ಮಾತು ಆ ಆಡಳಿತಕ್ಕೆ, ಪತ್ರಕ್ಕೆ ಸಹಿ ಹಾಕಿದವರಿಗಲ್ಲ. ಬಿಡುಗಡೆಗೆ ಮುಂಚೆ ವಿಮರ್ಶೆ ಬರದ ಗೇಮ್ ಅನ್ನು ಮೊದಲ ದಿನ ಕೊಳ್ಳಬೇಡಿ. ಕೊಂಡರೂ ಸ್ಟೀಮ್‌ನಲ್ಲಿ ಕೊಳ್ಳಿ, ಹದಿನಾಲ್ಕು ದಿನದೊಳಗೆ, ಆಡಿದ್ದು ಎರಡು ಗಂಟೆ ಮೀರದಿದ್ದರೆ ಹಣ ವಾಪಸ್ ಬರುತ್ತದೆ.

ಮುಂದಿನ ಪಟ್ಟಿಯ ಜಗಳ ಈಗಾಗಲೇ ಕಾಣುತ್ತಿದೆ. ‘ಜಿಟಿಎ 6’ಕ್ಕೆ ಅದನ್ನು ಮಾಡುತ್ತಿರುವ ರಾಕ್‌ಸ್ಟಾರ್ ಕಂಪನಿ 2025ರ ನವೆಂಬರ್‌ನಲ್ಲಿ ಘೋಷಿಸಿದ ಹೊಸ ದಿನಾಂಕ 2026ರ ನವೆಂಬರ್ 19. ಪ್ರಶಸ್ತಿಗಳ ಗಡುವು ಹಿಂದಿನಂತೆಯೇ ಇದ್ದರೆ ಅದು ಬಿಡುಗಡೆಯಾಗುವುದು ಗಡುವಿಗೆ ಬಹಳವೆಂದರೆ ಎರಡು-ಮೂರು ದಿನ ಮೊದಲು. ಘೋಷಣೆಯಾಗಿರುವುದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಿಗೆ ಮಾತ್ರ, ಪಿಸಿಯ ಹೆಸರಿಲ್ಲ. ಇಲ್ಲಿನ ಹೆಚ್ಚಿನವರು ಅದನ್ನು ನೋಡುವುದು ಯೂಟ್ಯೂಬ್‌ನಲ್ಲಿ. ಅಷ್ಟರಲ್ಲಿ ಅದಕ್ಕೆ ವರ್ಷದ ಗೇಮ್ ಪಟ್ಟ ಬಂದರೂ ಬರಬಹುದು. ನಾನಂತೂ ಅದನ್ನು ನಮ್ಮೂರಿನವರ ಲ್ಯಾಪ್‌ಟಾಪ್‌ಗೆ ಬಂದ ವರ್ಷದ ಪಟ್ಟಿಯಲ್ಲಿ ಸೇರಿಸುತ್ತೇನೆ.